ಕುತ್ತಿಗೆ ಸ್ಕ್ಯಾನಿನ ಆ 0.09 ಮಿಲಿಮೀಟರ್: ನಂಬೋದೆಷ್ಟು?

ಕಳೆದ ವರ್ಷ 0.82. ಈ ವರ್ಷ 0.91. ತೀರ್ಥಹಳ್ಳಿ ಕಡೆಯ ನಮ್ಮ ಭಾವ ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು, "ನೋಡು ಮಾರಾಯ, ಒಂದೇ ವರ್ಷಕ್ಕೆ ಕುತ್ತಿಗೆ ನರ ಇಷ್ಟು ದಪ್ಪ ಆಗಿದೆ" ಅಂದರು. ಲೆಕ್ಕ ಹಾಕುವುದರಲ್ಲಿ ಗಟ್ಟಿಗರು. ಶೇಕಡಾ 11 ಜಾಸ್ತಿ ಅಂತ ಆಗಲೇ ಪೆನ್ಸಿಲಿನಲ್ಲಿ ಬರೆದೂ ಇಟ್ಟಿದ್ದರು. ಮೊದಲ ಸ್ಕ್ಯಾನ್ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಆಗಿದ್ದು. ಎರಡನೆಯದು ಆಗುಂಬೆ ಘಾಟಿ ಇಳಿದು ಉಡುಪಿ ಕಡೆ, ಬೇರೆ ಯಾವುದೋ ಕೆಲಸಕ್ಕೆ ಹೋದಾಗ ಮಾಡಿಸಿದ್ದು. ಮಲೆನಾಡಿನವರಿಗೆ ಇದೇನು ಹೊಸದಲ್ಲ. ಒಂದು ಪರೀಕ್ಷೆ ಘಟ್ಟದ ಮೇಲೆ, ಇನ್ನೊಂದು ಘಟ್ಟದ ಕೆಳಗೆ.

ಭಾವನ ರಕ್ತನಾಳ ನಿಜವಾಗಿ ದಪ್ಪ ಆಗಿದೆಯೋ, ಅಳತೆಯೇ ಅಷ್ಟು ಅಲ್ಲಾಡುತ್ತದೋ? ನನ್ನ ಪ್ರಕಾರ ಈ ಎರಡು ಕಾಗದ ಇಟ್ಟುಕೊಂಡು ಅದನ್ನು ಹೇಳಲು ಆಗುವುದೇ ಇಲ್ಲ. ಯಾಕೆ ಅಂತ ಬಿಡಿಸಿ ನೋಡೋಣ.

ಕುತ್ತಿಗೆಯ ಎರಡೂ ಬದಿಯಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದಲ್ಲ, ಅದು ಕ್ಯಾರೋಟಿಡ್ ರಕ್ತನಾಳ. ಮೆದುಳಿಗೆ ರಕ್ತ ಹೋಗುವ ಮುಖ್ಯ ದಾರಿ. ಅದರ ಗೋಡೆಗೆ ಮೂರು ಪದರ: ಒಳಗಡೆ ಇಂಟಿಮಾ, ನಡುವೆ ಮೀಡಿಯಾ, ಹೊರಗಡೆ ಅಡ್ವೆಂಟಿಷಿಯಾ. ಒಳಗಿನ ಎರಡು ಪದರ ಸೇರಿ ಎಷ್ಟು ದಪ್ಪ ಇದೆ ಅನ್ನುವುದೇ ರಿಪೋರ್ಟಿನಲ್ಲಿ ಐಎಂಟಿ ಅಥವಾ ಸಿಐಎಂಟಿ ಅಂತ ಬರುವುದು. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಒಳಗೆ ಇರುತ್ತದೆ. ವಯಸ್ಸಾದ ಹಾಗೆ ಎಲ್ಲರಿಗೂ ದಪ್ಪ ಆಗುತ್ತಾ ಹೋಗುತ್ತದೆ. ಎಷ್ಟು? ವರ್ಷಕ್ಕೆ ಹತ್ತಿರ ಹತ್ತಿರ 0.01 ಮಿಲಿಮೀಟರ್. ಈ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ.

ಹೃದಯಾಘಾತ, ಪಾರ್ಶ್ವವಾಯುವಿಗೆ ಕಾರಣವಾಗುವ ಕೊಬ್ಬಿನ ಕಾಯಿಲೆ ಶುರುವಾಗುವುದು ರಕ್ತನಾಳದ ಗೋಡೆಯಲ್ಲಿ. ಹೃದಯದ ರಕ್ತನಾಳ ಎದೆಗೂಡಿನೊಳಗೆ, ಬಡಿಯುವ ಹೃದಯದ ಮೇಲೆ ಇರುವುದರಿಂದ ಹೊರಗಿನಿಂದ ಅಲ್ಟ್ರಾಸೌಂಡಿಗೆ ಸರಿಯಾಗಿ ಸಿಗುವುದಿಲ್ಲ. ಕುತ್ತಿಗೆಯದು ಚರ್ಮದ ಕೆಳಗೇ ಇದೆ. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ, ನೋವಿಲ್ಲ. 1986ರಲ್ಲಿ ಇಟಲಿಯ ಪಾವೊಲೊ ಪಿನ್ಯೋಲಿ ಮತ್ತು ಸಂಗಡಿಗರು ರಕ್ತನಾಳದ ತುಂಡುಗಳನ್ನು ಅಲ್ಟ್ರಾಸೌಂಡಿನಲ್ಲೂ ನೋಡಿ, ಸೂಕ್ಷ್ಮದರ್ಶಕದಲ್ಲೂ ಅಳೆದು ಹೋಲಿಸಿದರು. ಪರದೆಯ ಮೇಲೆ ಕಾಣುವ ಎರಡು ಸಮಾನಾಂತರ ಗೆರೆಗಳ ನಡುವಿನ ಅಂತರ ಈ ಎರಡು ಪದರದ ದಪ್ಪಕ್ಕೆ ಹೊಂದುತ್ತದೆ ಅಂತ ತೋರಿಸಿದರು. ಅಲ್ಲಿಂದ ಶುರುವಾಯಿತು ಈ ಅಳತೆಯ ಓಟ.

ಸ್ಕ್ಯಾನ್ ರೂಮಿನೊಳಗೆ ಏನಾಗುತ್ತದೆ ಅಂತ ನೋಡಬೇಕು. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡು ದಾಟಿ ಒಳಗೆ ಹೋದರೆ ಎಸಿ ತಣ್ಣಗೆ, ಲೈಟು ಮಂಕು. ಮಲಗಿಸಿ, ದಿಂಬು ಸರಿಸಿ, ಮುಖ ಆಚೆ ತಿರುಗಿಸಿ ಅನ್ನುತ್ತಾರೆ. ಕುತ್ತಿಗೆಗೆ ಜೆಲ್ ಹಚ್ಚಿ ಪ್ರೋಬ್ ಇಡುತ್ತಾರೆ. ರೇಡಿಯಾಲಜಿಸ್ಟ್ ಕೈ ಸ್ವಲ್ಪ ಓರೆ ಮಾಡುತ್ತಾರೆ, ಮತ್ತೆ ನೆಟ್ಟಗೆ ಮಾಡುತ್ತಾರೆ, ಸ್ವಲ್ಪ ಒತ್ತುತ್ತಾರೆ. ಪರದೆಯ ಮೇಲೆ ಕಪ್ಪು ಪಟ್ಟಿಯೊಂದು ಅಡ್ಡಕ್ಕೆ ಕಾಣುತ್ತದೆ. ಅದು ರಕ್ತ ಹರಿಯುವ ಜಾಗ. ಅದರ ಕೆಳಗಡೆ ಅಂಚಿನಲ್ಲಿ ಒಂದು ತೆಳು ಬಿಳಿ ಗೆರೆ, ಸಣ್ಣ ಕಪ್ಪು ಸಂದು, ಆಮೇಲೆ ಇನ್ನೊಂದು ದಪ್ಪ ಬಿಳಿ ಗೆರೆ. ಟಕ್ ಅಂತ ಚಿತ್ರ ನಿಲ್ಲಿಸುತ್ತಾರೆ. ಟ್ರ್ಯಾಕ್‌ಬಾಲ್ ಉರುಳಿಸಿ ಮೊದಲ ಗೆರೆಯ ಮೇಲೆ ಒಂದು ಗುರುತು, ಎರಡನೆಯದರ ಮೇಲೆ ಇನ್ನೊಂದು. ಮೂಲೆಯಲ್ಲಿ 0.82 ಅಂತ ಬರುತ್ತದೆ. ಅಷ್ಟೇ.

ಈ ಅಷ್ಟರಲ್ಲಿ ಎಲ್ಲೆಲ್ಲಿ ತಪ್ಪು ನುಸುಳಬಹುದು?

ಮೊದಲನೆಯದಾಗಿ ಶಬ್ದದ್ದೇ ಮಿತಿ. ಮಶೀನು ಶಬ್ದದ ಸಣ್ಣ ಸಣ್ಣ ತುಣುಕುಗಳನ್ನು ಒಳಗೆ ಕಳಿಸಿ, ತಿರುಗಿ ಬರಲು ಎಷ್ಟು ಹೊತ್ತಾಯಿತು ಅಂತ ನೋಡುತ್ತದೆ. ದೇಹದೊಳಗೆ ಶಬ್ದ ಸೆಕೆಂಡಿಗೆ 1540 ಮೀಟರ್ ಹೋಗುತ್ತದೆ ಅಂತ ಅಂದುಕೊಂಡು ಆ ಹೊತ್ತನ್ನು ದೂರಕ್ಕೆ ಬದಲಾಯಿಸುತ್ತದೆ. ಗೋಡೆ 0.8 ಮಿಲಿಮೀಟರ್ ಇದ್ದರೆ ಎರಡು ಗೆರೆಗಳ ಪ್ರತಿಧ್ವನಿಗಳ ನಡುವಿನ ಅಂತರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. 10 ಮೆಗಾಹರ್ಟ್ಸ್ ಪ್ರೋಬಿನಲ್ಲಿ ಶಬ್ದದ ಒಂದು ಅಲೆಯ ಉದ್ದವೇ 0.15 ಮಿಲಿಮೀಟರ್. ಸ್ಥೂಲವಾಗಿ ಅದಕ್ಕಿಂತ ಹತ್ತಿರದ ಎರಡು ಗೆರೆಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ. ಆದರೆ ಬಿಡಿಬಿಡಿಯಾಗಿ ಕಾಣುವ ಎರಡು ಗೆರೆಗಳ ಅಂತರವನ್ನು ಅದಕ್ಕಿಂತ ನಾಜೂಕಾಗಿ ಅಳೆಯಬಹುದು, ಒಂದೇ ಜಾಗದ ಬದಲು ಗೆರೆಯ ಉದ್ದಕ್ಕೂ ಅಳೆದು ಸರಾಸರಿ ತೆಗೆದರೆ ಮಾತ್ರ. ಒಂದೇ ಕಡೆ ಎರಡು ಗುರುತು ಹಾಕಿ ಬಿಟ್ಟರೆ ಆ ಲಾಭ ಸಿಗುವುದಿಲ್ಲ.

ಪರದೆಯ ಚುಕ್ಕಿಗಳ ಲೆಕ್ಕ ಇನ್ನೂ ಸರಳ. 4 ಸೆಂಟಿಮೀಟರ್ ಆಳದ ಚಿತ್ರ 600 ಚುಕ್ಕಿಗಳಲ್ಲಿ ಬಂದಿದೆ ಅಂದುಕೊಳ್ಳಿ. ಒಂದು ಚುಕ್ಕಿಗೆ 0.067 ಮಿಲಿಮೀಟರ್ ಆಯಿತು. ಗುರುತು ಒಂದೇ ಒಂದು ಚುಕ್ಕಿ ಆಚೆ ಬಿದ್ದರೆ ಗೋಡೆಗೆ ಆರು ವರ್ಷಕ್ಕಿಂತ ಜಾಸ್ತಿ ವಯಸ್ಸಾದ ಹಾಗೆ!

ನನಗೆ ಇದರಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಕೈಯ ಓರೆ. ರಕ್ತನಾಳ ಒಂದು ಕೊಳವೆ. ಅದನ್ನು ಉದ್ದಕ್ಕೆ ಸರಿಯಾಗಿ ನಡುಮಧ್ಯೆ ಸೀಳಿ ನೋಡಿದರೆ ಗೋಡೆಯ ನಿಜವಾದ ದಪ್ಪ ಸಿಗುತ್ತದೆ. ಮಧ್ಯ ಬಿಟ್ಟು ಪಕ್ಕದಲ್ಲಿ ಸೀಳಿದರೆ ಗೋಡೆಯನ್ನು ಓರೆಯಾಗಿ ಕತ್ತರಿಸಿದ ಹಾಗಾಗಿ ದಪ್ಪ ಜಾಸ್ತಿ ಕಾಣುತ್ತದೆ. ಲೆಕ್ಕ ಹಾಕಿ ನೋಡಿದೆ. ಒಳಗಿನ ಅಗಲ 6 ಮಿಲಿಮೀಟರ್, ಗೋಡೆ 0.80 ಇರುವ ನಾಳವನ್ನು ನಡುವಿನಿಂದ 1 ಮಿಲಿಮೀಟರ್ ಪಕ್ಕಕ್ಕೆ ಸೀಳಿದರೆ ಗೋಡೆ 0.84 ಆಗಿ ಕಾಣುತ್ತದೆ. ಒಂದೂವರೆ ಮಿಲಿಮೀಟರ್ ಪಕ್ಕಕ್ಕೆ ಹೋದರೆ 0.89. ಅಂದರೆ ಭಾವನ 0.09 ಪೂರ್ತಿಯಾಗಿ ಇಲ್ಲೇ ಸಿಕ್ಕಿಬಿಡಬಹುದು, ಗೋಡೆಗೆ ಏನೂ ಆಗದೆ. ಈ ತಪ್ಪು ಯಾವಾಗಲೂ ಜಾಸ್ತಿಯ ಕಡೆಗೇ ಎಳೆಯುತ್ತದೆ, ಕಡಿಮೆ ಕಡೆಗಲ್ಲ ಅನ್ನುವುದೂ ಗಮನದಲ್ಲಿರಲಿ. ನುರಿತವರಿಗೆ ಇದು ಗೊತ್ತು. ಮೇಲಿನ ಗೋಡೆ, ಕೆಳಗಿನ ಗೋಡೆ ಎರಡರಲ್ಲೂ ಜೋಡಿ ಗೆರೆ ಚೂಪಾಗಿ ಕಾಣುವವರೆಗೆ ಅವರು ಚಿತ್ರ ನಿಲ್ಲಿಸುವುದೇ ಇಲ್ಲ. ಹೊರಗಡೆ ಬೆಂಚಿನ ತುಂಬಾ ಜನ ಕಾಯುತ್ತಾ ಕೂತಿರುವಾಗ ಎಲ್ಲರಿಗೂ ಅಷ್ಟು ತಾಳ್ಮೆ ಇರುತ್ತದಾ ಅನ್ನುವುದು ಬೇರೆ ಮಾತು.

ಯಾವ ಗೋಡೆ ಅನ್ನುವುದೂ ಮುಖ್ಯ. ಅಳೆಯಬೇಕಾದ್ದು ಪ್ರೋಬಿನಿಂದ ದೂರದ ಗೋಡೆಯನ್ನು, ಪರದೆಯಲ್ಲಿ ಕೆಳಗೆ ಕಾಣುವುದನ್ನು. ಹತ್ತಿರದ್ದೇ ಚೆನ್ನಾಗಿ ಕಾಣಬೇಕಲ್ವಾ ಅನ್ನಿಸುತ್ತದೆ. ಇಲ್ಲ. ಪ್ರತಿಧ್ವನಿಗೆ ಒಂದು ಮುಂದಿನ ಅಂಚು, ಒಂದು ಬಾಲ ಇರುತ್ತದೆ. ಮುಂದಿನ ಅಂಚು ಇರುವ ಜಾಗ ಖಚಿತ. ಬಾಲ ಎಷ್ಟು ಉದ್ದ ಕಾಣುತ್ತದೆ ಅನ್ನುವುದು ಮಶೀನಿನ ಗೇನ್, ಅಂದರೆ ಪ್ರತಿಧ್ವನಿಯನ್ನು ಹಿಗ್ಗಿಸಿ ತೋರಿಸುವ ಮಟ್ಟ, ಎಷ್ಟು ಏರಿಸಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ದೂರದ ಗೋಡೆಯಲ್ಲಿ ಶಬ್ದ ರಕ್ತವನ್ನು ದಾಟಿ ಬಂದು ಮೊದಲು ಇಂಟಿಮಾಕ್ಕೆ, ಆಮೇಲೆ ಅಡ್ವೆಂಟಿಷಿಯಾಕ್ಕೆ ತಾಗುತ್ತದೆ. ನಮಗೆ ಬೇಕಾದ ಎರಡೂ ಗಡಿಗಳು ಮುಂದಿನ ಅಂಚುಗಳೇ. ಹತ್ತಿರದ ಗೋಡೆಯಲ್ಲಿ ಉಲ್ಟಾ. ಮೊದಲು ಹೊಳೆಯುವ ಅಡ್ವೆಂಟಿಷಿಯಾ ಸಿಗುತ್ತದೆ, ಅದರ ಬಾಲ ಮೀಡಿಯಾದ ಮೇಲೆ ಹರಡಿ ಮುಚ್ಚಿಬಿಡುತ್ತದೆ. ಗೇನ್ ಗುಂಡಿ ತಿರುಗಿಸಿದರೆ ದಪ್ಪವೇ ಬದಲಾಗುತ್ತದೆ.

ಇಷ್ಟು ಸಾಲದು ಅಂತ, ಆ ಗೋಡೆ ಸುಮ್ನೆ ಇರುವುದೂ ಇಲ್ಲ. ಹೃದಯ ರಕ್ತ ತಳ್ಳಿದಾಗಲೆಲ್ಲ ನಾಳ ಹಿಗ್ಗುತ್ತದೆ, ಗೋಡೆ ತೆಳುವಾಗುತ್ತದೆ. ಮೇಲೆ ಹೇಳಿದ ನಾಳದ ಅಗಲ 6ರಿಂದ 6.4 ಆದರೆ 0.80 ಇದ್ದ ಗೋಡೆ 0.76ಕ್ಕೆ ಇಳಿಯುತ್ತದೆ. ಅದಕ್ಕೇ ಸಂಶೋಧನೆಗಳಲ್ಲಿ ಇಸಿಜಿ ವೈರ್ ಹಾಕಿಕೊಂಡು, ಹೃದಯ ಇನ್ನೇನು ಬಡಿಯಬೇಕು ಅನ್ನುವ ಗಳಿಗೆಯ ಚಿತ್ರವನ್ನೇ ಅಳೆಯುತ್ತಾರೆ. ದಿನನಿತ್ಯದ ಸ್ಕ್ಯಾನಿನಲ್ಲಿ ಫ್ರೀಜ್ ಒತ್ತಿದ ಗಳಿಗೆ ಯಾವುದೋ ಅದೇ.

ಜಾಗವೂ ಒಂದೇ ಇರಬೇಕು. ಕ್ಯಾರೋಟಿಡ್ ನಾಳ ದವಡೆಯ ಕೆಳಗೆ ಉಬ್ಬಿ, ಅಲ್ಲಿಂದ ಎರಡಾಗಿ ಕವಲೊಡೆಯುತ್ತದೆ. ಉಬ್ಬಿನ ಹತ್ತಿರ ಗೋಡೆ ಮೊದಲೇ ದಪ್ಪ. ಮನ್‌ಹೈಮ್ ಒಪ್ಪಂದ ಅಂತ ಕರೆಯುವ ತಜ್ಞರ ನಿಯಮಗಳು 2004ರಲ್ಲಿ ಬಂದು, 2006 ಮತ್ತು 2011ರಲ್ಲಿ ಪರಿಷ್ಕಾರ ಆದವು. ಅದರ ಪ್ರಕಾರ ಉಬ್ಬಿಗಿಂತ ಕನಿಷ್ಠ 5 ಮಿಲಿಮೀಟರ್ ಕೆಳಗೆ, ನೇರವಾದ ಭಾಗದಲ್ಲಿ, ದೂರದ ಗೋಡೆಯಲ್ಲಿ, 10 ಮಿಲಿಮೀಟರ್ ಉದ್ದಕ್ಕೆ ಅಳೆಯಬೇಕು. ಭಾವನ ರಿಪೋರ್ಟುಗಳಲ್ಲಿ ಇದು ಯಾವುದೂ ಬರೆದಿರಲಿಲ್ಲ. ಕಣ್ಣಿಗೆ ಬಿದ್ದ ಒಂದು ವ್ಯತ್ಯಾಸ ಮಾತ್ರ ಬೇರೆಯೇ ಕಥೆ ಹೇಳಿತು. ಮೊದಲ ರಿಪೋರ್ಟಿನ 0.82 ಬಲಗಡೆಯ ಸರಾಸರಿ. ಎರಡನೆಯದರ 0.91ರ ಮುಂದೆ ಸಣ್ಣಕ್ಷರದಲ್ಲಿ 'ಮ್ಯಾಕ್ಸ್' ಅಂತಿತ್ತು. ಎಲ್ಲಿ ಎಲ್ಲಕ್ಕಿಂತ ದಪ್ಪ ಕಂಡಿತೋ ಆ ಜಾಗದ ಅಳತೆ. ಗರಿಷ್ಠ ಅನ್ನುವುದು ಯಾವತ್ತೂ ಸರಾಸರಿಗಿಂತ ಜಾಸ್ತಿಯೇ ಇರುತ್ತದೆ. ಸಾಲದ್ದಕ್ಕೆ ಅಳತೆಯ ಏರುಪೇರಿನಲ್ಲಿ ಮೇಲಕ್ಕೆ ಹೋದದ್ದನ್ನೇ ಆರಿಸಿಕೊಂಡು ಬರುತ್ತದೆ. ಹಾಗಾಗಿ ಮತ್ತೆ ಮತ್ತೆ ಅಳೆದರೆ ಸರಾಸರಿಯೇ ಹೆಚ್ಚು ನಿಲ್ಲುತ್ತದೆ. "ಭಾವ, ಇವೆರಡನ್ನೂ ಕಳೆಯೋಕೇ ಬರೋದಿಲ್ಲ" ಅಂದೆ. ಅವರಿಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. "ಎರಡೂ ಸರಾಸರಿನೇ ಆಗಿದ್ದಿದ್ದರೆ?" ಅಂತ ಕೇಳಿದರು. ಸರಿಯಾದ ಪ್ರಶ್ನೆ.

ಆಗಿದ್ದರೂ ಅಷ್ಟೇ. ಒಂದು ಅಳತೆ ಎಷ್ಟು ನಂಬಿಕಸ್ಥ ಅಂತ ತಿಳಿಯಲು ಒಂದೇ ದಾರಿ: ಏನೂ ಬದಲಾಗದ ಜನರನ್ನು ಕೆಲವು ದಿನ ಬಿಟ್ಟು ಮತ್ತೆ ಅಳೆಯುವುದು. ಆ ಎರಡು ಅಳತೆಗಳು ಎಷ್ಟು ಬೇರೆ ಬಂದವೋ ಅದೆಲ್ಲ ಅಳತೆಯ ಗಲಾಟೆ. ಒಬ್ಬ ವ್ಯಕ್ತಿಯ ಅಳತೆ ಹೀಗೆ 0.05 ಮಿಲಿಮೀಟರ್ ಆಚೀಚೆ ತೂಗುತ್ತದೆ, ಅಂದರೆ ಅದರ ಸ್ಟ್ಯಾಂಡರ್ಡ್ ಡೀವಿಯೇಶನ್ ಅಷ್ಟಿದೆ ಅಂತ ಇಟ್ಟುಕೊಳ್ಳೋಣ. ಎರಡು ಅಳತೆಗಳನ್ನು ಕಳೆದಾಗ ಎರಡರ ತಪ್ಪೂ ಸೇರಿಕೊಳ್ಳುತ್ತದೆ. ಏನೂ ಬದಲಾಗದಿದ್ದರೂ ನೂರಕ್ಕೆ ತೊಂಬತ್ತೈದು ಸಲ ವ್ಯತ್ಯಾಸ ಎಷ್ಟರೊಳಗೆ ಇರುತ್ತದೆ ಅನ್ನುವುದಕ್ಕೆ ಸೂತ್ರ ಇದೆ: 2.77 ಗುಣಿಸು 0.05. ಸುಮಾರು 0.14 ಮಿಲಿಮೀಟರ್. ಅದಕ್ಕಿಂತ ಕಡಿಮೆ ವ್ಯತ್ಯಾಸ ಕಂಡರೆ ಅದು ಸುದ್ದಿಯೇ ಅಲ್ಲ. ಗಲಾಟೆ ಅರ್ಧಕ್ಕೆ ಇಳಿದರೂ ಗಡಿ 0.07ರ ಹತ್ತಿರ ನಿಲ್ಲುತ್ತದೆ. ನಾವು ಹುಡುಕುತ್ತಿರುವುದು ವರ್ಷಕ್ಕೆ 0.01. ಅಡಿಕೆ ಲೋಡ್ ಲಾರಿಯನ್ನು ವೇಬ್ರಿಡ್ಜಿನ ಮೇಲೆ ಎರಡು ಸಲ ನಿಲ್ಲಿಸಿ, ನಡುವೆ ಡ್ರೈವರ್ ಊಟ ಮಾಡಿದನೋ ಇಲ್ಲವೋ ಹೇಳಿ ಅಂದ ಹಾಗಾಯಿತು.

ಇಲ್ಲೊಂದು ಬಲೆ ಇದೆ. ಮಶೀನು ಮಾರುವವರ ಕರಪತ್ರಗಳಲ್ಲಿ, ಕೆಲವು ಸಂಶೋಧನಾ ಲೇಖನಗಳಲ್ಲೂ, ಎರಡು ಅಳತೆಗಳ ನಡುವಿನ ಕೋರಿಲೇಶನ್ 0.95 ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. ಒಂದು ಅಳತೆ ಏರಿದ ಹಾಗೆ ಇನ್ನೊಂದೂ ಎಷ್ಟು ಜೊತೆಗೇ ಏರುತ್ತದೆ ಅನ್ನುವ ಅಂಕಿ ಅದು, ಹೆಚ್ಚೆಂದರೆ 1. ಇಪ್ಪತ್ತೈದರ ಹುಡುಗರನ್ನೂ ಎಪ್ಪತ್ತೈದರ ಅಜ್ಜಂದಿರನ್ನೂ ಒಟ್ಟಿಗೆ ಸೇರಿಸಿ ಅಳೆದರೆ ಜನರ ನಡುವಿನ ವ್ಯತ್ಯಾಸವೇ ಅಷ್ಟು ದೊಡ್ಡದಿರುತ್ತದೆ, ಕೋರಿಲೇಶನ್ ತಾನಾಗಿಯೇ ಏರುತ್ತದೆ. ಒಂದು ಮಶೀನು ಯಾವಾಗಲೂ 0.1 ಜಾಸ್ತಿಯೇ ತೋರಿಸಿದರೂ ಕೋರಿಲೇಶನ್ ಪಕ್ಕಾ 1 ಬರಬಹುದು. ಹೊಂದಾಣಿಕೆಯೇ ಬೇರೆ, ಕೋರಿಲೇಶನ್ನೇ ಬೇರೆ ಅಂತ ಬ್ಲಾಂಡ್ ಮತ್ತು ಆಲ್ಟ್‌ಮನ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಿಡಿಸಿ ಹೇಳಿದ್ದು ಅದೇ 1986ರಲ್ಲಿ. ನೋಡಬೇಕಾದ್ದು ಮಿಲಿಮೀಟರಿನಲ್ಲಿ ಎಷ್ಟು ಆಚೀಚೆ ಅನ್ನುವುದನ್ನು.

ಇನ್ನೊಂದು ಬಲೆ ಇದಕ್ಕಿಂತ ಮೋಸದ್ದು. ಯಾರಿಗೆ ಅಳತೆ ಜಾಸ್ತಿ ಬಂತೋ ಅವರನ್ನೇ ಆರಿಸಿ ಮಾತ್ರೆ ಕೊಟ್ಟು, ಆರು ತಿಂಗಳಿಗೆ ಮತ್ತೆ ಅಳೆದರೆ ಸರಾಸರಿ ಸ್ವಲ್ಪ ಇಳಿದಿರುತ್ತದೆ. ಮಾತ್ರೆ ಕೊಡದಿದ್ದರೂ ಇಳಿಯುತ್ತಿತ್ತು! ಮೊದಲ ಸಲ ಜಾಸ್ತಿ ಬಂದವರಲ್ಲಿ ಹಲವರಿಗೆ ಅದು ಅಳತೆಯ ಏರುಪೇರಿನಿಂದಲೇ ಬಂದಿದ್ದು. ಎರಡನೇ ಸಲ ಆ ಏರುಪೇರು ಜೊತೆಗೆ ಬರುವುದಿಲ್ಲ. ಎಷ್ಟೋ ಕಷಾಯ, ಚೂರ್ಣಗಳ 'ಬ್ಲಾಕೇಜ್ ಕರಗಿತು' ಜಾಹೀರಾತಿಗೆ ಇಷ್ಟೇ ಬಂಡವಾಳ ಸಾಕು.

ಹಾಗಾದರೆ ಈ ಅಳತೆ ವ್ಯರ್ಥವಾ? ಖಂಡಿತ ಅಲ್ಲ. ಒಬ್ಬರಿಗೆ ಸಲ್ಲದ್ದು ಸಾವಿರ ಜನರಿಗೆ ಸಲ್ಲುತ್ತದೆ. ಸಾವಿರ ಜನರ ಸರಾಸರಿ ತೆಗೆದರೆ ಆಚೀಚೆ ತೂಗಾಟಗಳು ಒಂದನ್ನೊಂದು ಹೊಡೆದುಹಾಕುತ್ತವೆ. 0.05 ಇದ್ದ ಗಲಾಟೆ 0.002ಕ್ಕಿಂತ ಕೆಳಗೆ ಇಳಿಯುತ್ತದೆ. ಒಂದೇ ಕಡೆಗೆ ಎಳೆಯುವ ತಪ್ಪು ಮಾತ್ರ ಸರಾಸರಿಯಿಂದ ಹೋಗುವುದಿಲ್ಲ. ನಡುವೆ ಮಶೀನು ಬದಲಾದರೆ, ಗೆರೆ ಎಳೆಯುವವರು ಬದಲಾದರೆ ಅದು ಹಾಗೇ ಉಳಿಯುತ್ತದೆ. ಹಾಗಾಗಿ ದೊಡ್ಡ ಅಧ್ಯಯನಗಳಲ್ಲಿ ಚಿತ್ರಗಳನ್ನೆಲ್ಲ ಒಂದೇ ಕಡೆ ತರಿಸಿ, ಯಾರದ್ದು, ಯಾವಾಗಿನದ್ದು ಅಂತ ತಿಳಿಯದ ಹಾಗೆ ಮುಚ್ಚಿಟ್ಟು ಅಳೆಸುತ್ತಾರೆ.

2008ರಲ್ಲಿ ಬಂದ ಎನ್‌ಹ್ಯಾನ್ಸ್ ಪ್ರಯೋಗ ಇದಕ್ಕೆ ಒಳ್ಳೆ ಉದಾಹರಣೆ. ವಂಶಪಾರಂಪರ್ಯವಾಗಿ ಕೊಲೆಸ್ಟ್ರಾಲ್ ಜಾಸ್ತಿ ಇದ್ದ 720 ಜನ. ಅರ್ಧ ಜನಕ್ಕೆ ಸಿಮ್ವಾಸ್ಟಾಟಿನ್ ಒಂದೇ, ಉಳಿದವರಿಗೆ ಅದರ ಜೊತೆ ಎಜೆಟಿಮೈಬ್. ಎರಡೂ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗಳು. ಎರಡು ವರ್ಷದ ನಂತರ ಗೋಡೆ ಒಂದು ಗುಂಪಿನಲ್ಲಿ 0.0058, ಇನ್ನೊಂದರಲ್ಲಿ 0.0111 ಮಿಲಿಮೀಟರ್ ದಪ್ಪವಾಗಿತ್ತು. ಎರಡು ಮಾತ್ರೆ ತೆಗೆದುಕೊಂಡವರಲ್ಲೇ ಜಾಸ್ತಿ! ಈ ವ್ಯತ್ಯಾಸ ಲೆಕ್ಕಕ್ಕೆ ನಿಲ್ಲುವಂಥದ್ದಲ್ಲ ಅಂತ ಲೇಖನದಲ್ಲೇ ಇತ್ತು. ಆದರೂ ಎಜೆಟಿಮೈಬ್ ಕೆಲಸಕ್ಕೆ ಬಾರದು ಅಂತ ದೊಡ್ಡ ಗಲಾಟೆ ಆಯಿತು. ಮೊದಲೇ ಚಿಕಿತ್ಸೆ ಪಡೆದು ಗೋಡೆ ಅಷ್ಟೇನೂ ದಪ್ಪ ಇಲ್ಲದವರೇ ಅಲ್ಲಿ ಹೆಚ್ಚಿದ್ದರು, ಇಳಿಯಲು ಏನೂ ಉಳಿದಿರಲಿಲ್ಲ ಅಂತ ಕೆಲವರು ವಾದಿಸಿದರು. 2015ರಲ್ಲಿ 18,000ಕ್ಕೂ ಹೆಚ್ಚು ರೋಗಿಗಳ ಇಂಪ್ರೂವ್-ಇಟ್ ಪ್ರಯೋಗ ಬಂತು. ಅಲ್ಲಿ ಗೋಡೆ ಅಳೆಯಲಿಲ್ಲ, ಹೃದಯಾಘಾತ, ಪಾರ್ಶ್ವವಾಯು, ಸಾವು ಇಂಥವನ್ನು ಎಣಿಸಿದರು. ಅದೇ ಎಜೆಟಿಮೈಬ್ ಸೇರಿಸಿದವರಲ್ಲಿ ಅವೆಲ್ಲದರ ಒಟ್ಟು ಲೆಕ್ಕ ಸ್ವಲ್ಪ ಕಡಿಮೆ ಇತ್ತು. ಗೋಡೆಯ ದಪ್ಪವನ್ನೇ ಕಾಯಿಲೆ ಅಂದುಕೊಂಡರೆ ಹೀಗಾಗುತ್ತದೆ. ಬಿಪಿ ಇದ್ದವರಲ್ಲಿ ಮೀಡಿಯಾದ ಸ್ನಾಯುವೇ ಬೆಳೆದು ಗೋಡೆ ದಪ್ಪ ಆಗಬಹುದು. ಅದರಲ್ಲಿ ಕೊಬ್ಬು ಇರಲೇಬೇಕು ಅಂತಿಲ್ಲ. ಅಲ್ಟ್ರಾಸೌಂಡಿಗೆ ಇವೆರಡನ್ನು ಬೇರೆ ಮಾಡಿ ನೋಡಲು ಬರುವುದಿಲ್ಲ.

2012ರ ಎರಡು ದೊಡ್ಡ ವಿಶ್ಲೇಷಣೆಗಳನ್ನು ಜೋಡಿಸಿ ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ. ಒಂದರಲ್ಲಿ 45,828 ಜನ. ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಶುಗರ್, ಬೀಡಿ-ಸಿಗರೇಟು ಇವಿಷ್ಟರಿಂದ ಅಪಾಯ ಅಂದಾಜಿಸಿದ ಮೇಲೆ ಗೋಡೆಯ ದಪ್ಪವನ್ನೂ ಸೇರಿಸಿದರೆ ಎಷ್ಟು ಲಾಭ? ಇದೆ, ಆದರೆ ತೀರಾ ಸ್ವಲ್ಪ. ಇನ್ನೊಂದರಲ್ಲಿ 36,984 ಜನ. ಎರಡು ಸಲದ ಅಳತೆಗಳ ಸರಾಸರಿ ಜಾಸ್ತಿ ಇದ್ದವರಿಗೆ ಮುಂದೆ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಜಾಸ್ತಿ ಆಗಿತ್ತು. ಎರಡು ಅಳತೆಗಳ ನಡುವಿನ ಏರಿಕೆಗೂ ಮುಂದಿನ ತೊಂದರೆಗೂ ಮಾತ್ರ ಸಂಬಂಧ ಕಾಣಲಿಲ್ಲ. ಏರಿಕೆ ಸಣ್ಣದು, ತಪ್ಪು ದೊಡ್ಡದು ಅನ್ನುವುದೂ ಇದಕ್ಕೆ ಒಂದು ಕಾರಣ ಅಂತ ನನ್ನ ಅಂದಾಜು. 2020ರಲ್ಲಿ 119 ಪ್ರಯೋಗಗಳನ್ನು ಒಟ್ಟು ಹಾಕಿ, ಗುಂಪಿಗೆ ಗುಂಪು ಹೋಲಿಸಿದಾಗ ಗೋಡೆ ನಿಧಾನವಾಗಿ ಬೆಳೆದ ಕಡೆ ತೊಂದರೆಯೂ ಕಡಿಮೆ ಅಂತ ಕಂಡಿತು. ಗುಂಪಿಗೆ ಸರಿ, ಒಬ್ಬರಿಗೆ ಅಲ್ಲ. ಅಮೆರಿಕದ ಹೃದಯ ತಜ್ಞರ ಮಾರ್ಗಸೂಚಿಯಲ್ಲಿ 2010ರಲ್ಲಿ ಮಧ್ಯಮ ಅಪಾಯದವರಿಗೆ ಮಾಡಬಹುದು ಅಂತಿದ್ದ ಈ ಪರೀಕ್ಷೆಯನ್ನು 2013ರಲ್ಲಿ ಮಾಮೂಲಿಯಾಗಿ ಬೇಡ ಅಂದರು. 2016ರಲ್ಲಿ ಯುರೋಪಿನವರೂ ಬೇಡ ಅಂದರು.

ಹೀಗಿರುವಾಗ ರಿಪೋರ್ಟಿನಲ್ಲಿ 0.9ರ ಕೆಳಗೆ ನಾರ್ಮಲ್ ಅಂತ ಅಚ್ಚಾಗಿರುವ ಸಾಲಿಗೆ ಹೆದರುವುದು ಬೇಡ. 0.89ಕ್ಕೂ 0.91ಕ್ಕೂ ಒಂದು ಚುಕ್ಕಿಯಷ್ಟೂ ಅಂತರ ಇಲ್ಲ. ನಲವತ್ತರವರಿಗೆ 0.9 ಜಾಸ್ತಿ, ಎಪ್ಪತ್ತರವರಿಗೆ ಅದು ಮಾಮೂಲು. ವಯಸ್ಸು, ಗಂಡು-ಹೆಣ್ಣು ನೋಡಿ ಅವರವರ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆ ಅಂತ ಹೇಳಿದರೆ ಮಾತ್ರ ಅರ್ಥ.

ಏನೋ ಕಾರಣಕ್ಕೆ ಮತ್ತೆ ಮಾಡಿಸಲೇಬೇಕು ಅಂತ ಡಾಕ್ಟರು ಹೇಳಿದರೆ, ಅದೇ ಸೆಂಟರು, ಸಾಧ್ಯವಾದರೆ ಅದೇ ಮಶೀನು, ಅದೇ ರೇಡಿಯಾಲಜಿಸ್ಟ್ ಇದ್ದರೆ ಒಳ್ಳೆಯದು. ಹಳೆ ರಿಪೋರ್ಟಿನ ಜೊತೆ ಹಳೆ ಚಿತ್ರವನ್ನೂ ಒಯ್ಯಿರಿ. ಸರಾಸರಿಯೋ ಗರಿಷ್ಠವೋ ಅಂತ ಕೇಳಿ ಬರೆಸಿಕೊಳ್ಳಿ. ಈಗ ಗೆರೆಯ ಅಂಚನ್ನು ತಾನೇ ಹುಡುಕಿ ಉದ್ದಕ್ಕೂ ಅಳೆಯುವ ಸಾಫ್ಟ್‌ವೇರ್ ಇರುವ ಮಶೀನುಗಳಿವೆ. ಕೈಯಲ್ಲಿ ಗುರುತು ಹಾಕುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಪ್ರೋಬ್ ಓರೆ ಹಿಡಿದು ತೆಗೆದ ಚಿತ್ರವನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡುವುದಿಲ್ಲ.

ಅದೇ ರಿಪೋರ್ಟಿನಲ್ಲಿ ಐಎಂಟಿಗಿಂತ ಮುಖ್ಯವಾದ ಬೇರೆ ಎರಡು ಸಾಲುಗಳಿವೆ. ಒಂದು, ಪ್ಲಾಕ್ ಇದೆಯೇ ಅನ್ನುವುದು. ಗೋಡೆಯ ಒಂದು ಕಡೆ ಸುತ್ತಲಿಗಿಂತ ಅರ್ಧ ಮಿಲಿಮೀಟರ್ ಅಥವಾ ಅರ್ಧದಷ್ಟು ಉಬ್ಬಿದ್ದರೆ, ಇಲ್ಲವೇ ದಪ್ಪ 1.5 ಮಿಲಿಮೀಟರ್ ದಾಟಿದ್ದರೆ ಅದನ್ನು ಪ್ಲಾಕ್ ಅನ್ನುತ್ತಾರೆ. ಮುಂದಿನ ಅಪಾಯ ಹೇಳುವುದರಲ್ಲಿ ಇದು ಬರೀ ದಪ್ಪಕ್ಕಿಂತ ಗಟ್ಟಿ. ಇನ್ನೊಂದು, ನಾಳ ಎಷ್ಟು ಕಿರಿದಾಗಿದೆ ಅನ್ನುವುದು. ಅದನ್ನು ಮುಖ್ಯವಾಗಿ ರಕ್ತ ಹರಿಯುವ ವೇಗದಿಂದ ಅಂದಾಜಿಸುತ್ತಾರೆ. ಹಲವು ಕಡೆ ಬಳಸುವ ಮಾನದಂಡದಲ್ಲಿ ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಿರಿದಾಗಿರಬಹುದು ಅಂತ ಲೆಕ್ಕ. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಬಲ ಕಳೆದುಕೊಂಡು ಹತ್ತು ನಿಮಿಷಕ್ಕೆ ಸರಿಹೋದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಂಥವರ ಕುತ್ತಿಗೆ ಸ್ಕ್ಯಾನಿನಲ್ಲಿ ಡಾಕ್ಟರು ಮೊದಲು ಹುಡುಕುವುದು ಈ ಕಿರಿದಾದ ಜಾಗವನ್ನೇ.